ಬೆರಳು ಕಳೆದುಕೊಳ್ಳುವ ವ್ಯಾಕರಣ

ಪೇಪರಿನ ಒಳಪುಟಗಳಲ್ಲಿ ಆಗಾಗ ಕಾಣಿಸುವ ಒಂದು ಸಾಲಿದೆ: ‘ಯಂತ್ರಕ್ಕೆ ಸಿಲುಕಿ ಬೆರಳು ಕಳೆದುಕೊಂಡ ಕಾರ್ಮಿಕ’. ಊರಿನ ಹೆಸರು, ವಯಸ್ಸು, ಯಾವ ಆಸ್ಪತ್ರೆ, ಅಷ್ಟೇ. ಆರು ಸಾಲಿಗೆ ಸುದ್ದಿ ಮುಗಿಯುತ್ತೆ, ನಾವೂ ಪುಟ ತಿರುಗಿಸುತ್ತೇವೆ. ನನ್ನನ್ನು ಕಾಡೋದು ಆ ಸಾಲಿನ ಕ್ರಿಯಾಪದ. ಕನ್ನಡದಲ್ಲಿ ನಾವು ಏನೇನು ಕಳೆದುಕೊಳ್ಳುತ್ತೇವೆ ನೋಡಿ. ಬಸ್ಸಲ್ಲಿ ಪರ್ಸು, ಮದುವೆ ಮನೆಯಲ್ಲಿ ಚಪ್ಪಲಿ, ಹೋಟೆಲಲ್ಲಿ ಛತ್ರಿ. ಕಳೆದುಕೊಂಡು ಮನೆಗೆ ಬಂದವನಿಗೆ ಮೊದಲು ಸಿಗೋದು ಬೈಗುಳ: ‘ಸ್ವಲ್ಪ ಜೋಪಾನ ಇರಬಾರದಾ?’ ಅಪ್ಪನ್ನ ಕಳೆದುಕೊಂಡಳು ಅಂತಲೂ ಹೇಳ್ತೀವಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಯಾರೂ ‘ಯಾಕೆ ಹುಷಾರಾಗಿರಲಿಲ್ಲ’ ಅಂತ ಕೇಳೋದಿಲ್ಲ. ಬೆರಳಿನ ವಿಷಯದಲ್ಲಿ ಕೇಳ್ತಾರೆ. ಕಾರ್ಖಾನೆಯ ರಿಜಿಸ್ಟರಿನಲ್ಲಿ ‘ಕಾರಣ’ ಅನ್ನುವ ಕಾಲಂನಲ್ಲಿ ಉತ್ತರವನ್ನೂ ಬರೆದುಬಿಡ್ತಾರೆ: ‘ಕಾರ್ಮಿಕನ ಅಜಾಗರೂಕತೆ’.

ವಾಹನಗಳ ಬಿಡಿಭಾಗ ಕೊಳ್ಳುವ ಒಂದು ಕಂಪನಿಯಲ್ಲಿ ನಾನು ಸಪ್ಲೈಯರ್ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಬ್ರಾಕೆಟ್ಟು, ಕ್ಲಾಂಪು, ವಾಷರ್ರು ಮಾಡಿಕೊಡುವ ಸಣ್ಣ ಸಣ್ಣ ಶೆಡ್‌ಗಳಿಗೆ ಹೋಗಿ, ಅಲ್ಲಿನ ಕೆಲಸ ನಮ್ಮ ಡ್ರಾಯಿಂಗಿಗೆ ಹೊಂದುತ್ತದೋ ಇಲ್ಲವೋ ನೋಡಿ ಅಂಕ ಕೊಡುವ ಕೆಲಸ. ಪೀಣ್ಯ, ಕಾಮಾಕ್ಷಿಪಾಳ್ಯ, ರಾಜಾಜಿನಗರ, ಬೊಮ್ಮಸಂದ್ರ. ಆರು ವರ್ಷದಲ್ಲಿ ನಾನು ಓದಿದ ಕಾದಂಬರಿಗಳಿಗಿಂತ ಓದಿದ ಸೇಫ್ಟಿ ಬೋರ್ಡುಗಳೇ ಜಾಸ್ತಿ ಇರಬೇಕು. ಹಾಗಾಗಿ ಈ ಸಲ ಪುಸ್ತಕ, ಸಿನಿಮಾ ಎರಡನ್ನೂ ಬದಿಗಿಟ್ಟು ಆ ಸಾಹಿತ್ಯವನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಗೋಡೆಯ ಬೋರ್ಡು, ಮಾರ್ಚಿಯ ಪ್ರತಿಜ್ಞೆ, ಟ್ರೇನಿಂಗಿನ ಪಿಪಿಟಿ, ಕಾಯ್ದೆಯ ಅನುಸೂಚಿ, ನಮ್ಮಂಥವರ ಆಡಿಟ್ ಶೀಟು. ಇವೆಲ್ಲ ಸೇರಿದ್ದೇ ನಮ್ಮ ಸಣ್ಣ ಕೈಗಾರಿಕೆಗಳ ಸುರಕ್ಷತಾ ಸಾಹಿತ್ಯ. ಕಾಯ್ದೆಯೊಂದನ್ನು ಬಿಟ್ಟರೆ ಈ ಸಾಹಿತ್ಯದ ಮೇಲೆ ನನ್ನ ತಕರಾರು ಒಂದೇ: ಇದು ಯಾವಾಗಲೂ ತಪ್ಪು ವ್ಯಕ್ತಿಯನ್ನು ಉದ್ದೇಶಿಸಿ ಮಾತಾಡುತ್ತದೆ.

ಬೋರ್ಡುಗಳಿಂದ ಶುರು ಮಾಡೋಣ. ಹೆಲ್ಮೆಟ್ ಧರಿಸಿ. ಗ್ಲೌಸ್ ಧರಿಸಿ. ಯಂತ್ರ ಚಾಲನೆಯಲ್ಲಿರುವಾಗ ಮುಟ್ಟಬೇಡಿ. ಎಚ್ಚರವಿರಲಿ, ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಆಜ್ಞೆಗಳು, ಮತ್ತು ಆಜ್ಞೆ ಪಾಲಿಸಬೇಕಾದವನು ಶೆಡ್ಡಿನಲ್ಲಿ ಅತಿ ಕಡಿಮೆ ಸಂಬಳ ತಗೊಳ್ಳುವವನು. ಮಾಲೀಕರ ಕ್ಯಾಬಿನ್ ಒಳಗೆ ನಾನು ಲಕ್ಷ್ಮಿ ಫೋಟೋ ನೋಡಿದ್ದೇನೆ, ಐಎಸ್‌ಒ ಸರ್ಟಿಫಿಕೇಟ್ ನೋಡಿದ್ದೇನೆ, ನಮ್ಮಂಥ ಕಂಪನಿಗಳು ಕೊಟ್ಟ ‘ಬೆಸ್ಟ್ ಡೆಲಿವರಿ’ ಫಲಕ ನೋಡಿದ್ದೇನೆ. ‘ಈ ತಿಂಗಳು ಕ್ಲಚ್ ಪಿನ್ ಬದಲಾಯಿಸಿ’ ಅಂತ ಮಾಲೀಕರಿಗೆ ಹೇಳುವ ಬೋರ್ಡು ಎಲ್ಲೂ ಕಂಡಿಲ್ಲ.

ಇನ್ನೂ ಒಂದು ವಿಚಿತ್ರ ಇದೆ. ‘ಗ್ಲೌಸ್ ಧರಿಸಿ’ ಅನ್ನುವ ಬೋರ್ಡನ್ನು ಎಷ್ಟೋ ಕಡೆ ಡ್ರಿಲ್ಲಿಂಗ್ ಮಷೀನಿನ ಮೇಲೂ ನೇತು ಹಾಕಿರುತ್ತಾರೆ. ತಿರುಗುವ ಡ್ರಿಲ್ ಬಿಟ್ಟಿನ ಹತ್ತಿರ, ಲೇತಿನ ಹತ್ತಿರ ಬಟ್ಟೆಯ ಗ್ಲೌಸ್ ಹಾಕಬಾರದು ಅನ್ನೋದು ಈ ಕಸುಬಿನ ಮೊದಲ ಪಾಠ. ಗ್ಲೌಸಿನ ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಕೈ ಪೂರ್ತಿ ಒಳಗೆಳೆದುಕೊಳ್ಳುತ್ತದೆ. ಅಂದರೆ ಬೋರ್ಡಿನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವನ ಕೈ ಹೋಗುತ್ತದೆ. ಬೋರ್ಡು ಬರೆಸಿದವರಿಗೆ ಆ ಮಷೀನು ಏನು ಮಾಡುತ್ತದೆ ಅನ್ನುವ ಕಲ್ಪನೆಯೇ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಒಂದು ಡಜನ್ ಒಟ್ಟಿಗೆ ತಂದರು, ಮೊಳೆ ಇದ್ದ ಕಡೆ ಸಿಕ್ಕಿಸಿದರು.

ಪ್ರತಿಜ್ಞೆಯದೂ ಇದೇ ಕತೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದು 1966ರ ಮಾರ್ಚ್ 4ರಂದು. ಅದರ ನೆನಪಿಗೆ ಪ್ರತಿವರ್ಷ ಅವತ್ತು ಸುರಕ್ಷತಾ ದಿನ. ಬ್ಯಾಡ್ಜು ಚುಚ್ಚಿಕೊಂಡು, ಬಲಗೈ ಮುಂದೆ ಚಾಚಿ, ನಾನು ನಿಯಮ ಪಾಲಿಸುತ್ತೇನೆ ಅಂತ ಎಲ್ಲರೂ ಒಟ್ಟಿಗೆ ಹೇಳುವುದು, ಆಮೇಲೆ ಲಾಡು, ಮಿಕ್ಸ್ಚರು. ಮಾಲೀಕರು, ಮ್ಯಾನೇಜರು, ಹೆಲ್ಪರು ಎಲ್ಲರೂ ಅದೇ ‘ನಾನು’ ಹೇಳುತ್ತಾರೆ. ನೋಡಲು ಸಮಾನತೆ ಚೆನ್ನಾಗಿಯೇ ಇದೆ. ಆದರೆ ಹೊಸ ಮಷೀನು ತಗೋಬೇಕೋ ಹಳೇದನ್ನೇ ರಿಪೇರಿ ಮಾಡಿಸಬೇಕೋ, ಆರ್ಡರ್ ಒಪ್ಪಿಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವ ‘ನಾನು’, ಪೆಡಲ್ ಒತ್ತುವ ‘ನಾನು’ ಇಬ್ಬರೂ ಒಂದೇ ವಾಕ್ಯ ಹೇಳಿದರೆ ಯಾರ ಮೇಲೂ ಯಾವ ಹೊಣೆಯೂ ಕೂರೋದಿಲ್ಲ.

ಹಾಗಾದರೆ ಬೆರಳು ಹೋಗುವುದು ಹೇಗೆ? ಪವರ್ ಪ್ರೆಸ್ ಹತ್ತಿರದಿಂದ ನೋಡಿರದವರಿಗಾಗಿ ಸ್ವಲ್ಪ ಹೇಳ್ತೀನಿ. ದೊಡ್ಡ ಫ್ಲೈವೀಲೊಂದು ಸುತ್ತುತ್ತಲೇ ಇರುತ್ತದೆ. ಆಪರೇಟರ್ ಕಾಲಲ್ಲಿ ಪೆಡಲ್ ಒತ್ತಿದಾಗ ಒಂದು ಪಿನ್ನೋ ಕೀಯೋ ಬಿದ್ದು ಆ ಚಕ್ರಕ್ಕೂ ಕ್ರ್ಯಾಂಕಿಗೂ ಸಂಬಂಧ ಬೆಸೆಯುತ್ತದೆ. ಮೇಲಿನ ಭಾಗ ಧಡ್ ಅಂತ ಕೆಳಗಿಳಿದು, ಶೀಟನ್ನು ಕತ್ತರಿಸಿ ಅಥವಾ ಬಗ್ಗಿಸಿ, ಮೇಲೆ ಹೋಗುತ್ತದೆ. ಆಪರೇಟರ್ ಕೈ ಹಾಕಿ ಪೀಸ್ ತೆಗೆದು ಇನ್ನೊಂದನ್ನು ಇಡುತ್ತಾನೆ. ಮತ್ತೆ ಪೆಡಲ್. ಹಳೇ ಮಾದರಿಯ ಈ ಪ್ರೆಸ್ಸುಗಳಲ್ಲಿ ಒಂದು ಸಲ ಏಟು ಶುರುವಾಯಿತೆಂದರೆ ಸುತ್ತು ಪೂರ್ತಿಯಾಗುವವರೆಗೆ ನಿಲ್ಲಿಸಲು ಬರೋದಿಲ್ಲ. ಪಿನ್ನು, ಸ್ಪ್ರಿಂಗು ಸವೆದಿದ್ದರೆ ಪೆಡಲ್ ಒತ್ತದೇ ಇನ್ನೊಂದು ಏಟು ತಾನಾಗಿ ಬೀಳುವುದೂ ಉಂಟು. ಶೆಡ್ಡಿನ ಭಾಷೆಯಲ್ಲಿ ಇದು ‘ಡಬಲ್ ಸ್ಟ್ರೋಕ್’. ಆ ಎರಡನೇ ಏಟಿನ ಹೊತ್ತಿಗೆ ಕೈ ಎಲ್ಲಿರುತ್ತದೆ? ಎಲ್ಲಿರಬೇಕೆಂದು ಕೆಲಸ ಹೇಳಿಕೊಟ್ಟಿದ್ದಾರೋ ಅಲ್ಲೇ, ಡೈಯ ನಡುವೆ.

ಈ ಕ್ಷಣದಲ್ಲಿ ‘ಎಚ್ಚರವಿರಲಿ’ ಅನ್ನುವ ಬೋರ್ಡಿಗೆ ಏನು ಅರ್ಥ? ಎಚ್ಚರವಾಗಿದ್ದವನ ಕೈಯೂ ಅಲ್ಲೇ ಇರುತ್ತದೆ. ಮೊಬೈಲ್ ನೋಡುತ್ತಿದ್ದವನ ಕೈಯಾದರೂ ಹೊರಗಿರಬಹುದಿತ್ತು.

ಇದಕ್ಕೆ ಪರಿಹಾರ ಇಲ್ಲವೇ ಅಂದರೆ, ಹಳೇ ಪರಿಹಾರಗಳೇ ಇವೆ. ಶೀಟು ತೂರುವಷ್ಟೇ ಸಂದಿಯಿಟ್ಟು, ಬೆರಳು ತೂರದ ಹಾಗೆ ಡೈಗೆ ಸುತ್ತ ಗಾರ್ಡ್ ಕಟ್ಟಬಹುದು. ಪೀಸ್ ಇಡಲು ತೆಗೆಯಲು ಇಕ್ಕಳ ಅಥವಾ ಮ್ಯಾಗ್ನೆಟ್ ಕೊಡಬಹುದು. ಮೇಲಿಂದ ಏನಾದರೂ ಬಿದ್ದು ಪೆಡಲ್ ಒತ್ತದಂತೆ ಅದಕ್ಕೊಂದು ಮುಚ್ಚಳ ಹಾಕಬಹುದು. ಡೈ ಬದಲಾಯಿಸುವಾಗ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಫಿಟ್ಟರ್ ತನ್ನ ಜೇಬಲ್ಲೇ ಇಟ್ಟುಕೊಳ್ಳಬಹುದು. ಇವು ಯಾವುವೂ ರಾಕೆಟ್ ವಿಜ್ಞಾನವಲ್ಲ. ದುಡ್ಡು ಹೆಚ್ಚು ಬೇಡುವ ಪರಿಹಾರಗಳೂ ಇವೆ, ಆದರೆ ಅವನ್ನೂ ತಿಳಿದು ಹಾಕಬೇಕು. ಕೈ ಅಡ್ಡ ಬಂದರೆ ಮಷೀನು ನಿಲ್ಲಿಸುವ ಲೈಟ್ ಕರ್ಟನ್ ಅನ್ನು ಪಿನ್ ಕ್ಲಚ್ ಪ್ರೆಸ್ಸಿಗೆ ಹಾಕಿದರೆ ಏನೂ ಪ್ರಯೋಜನವಿಲ್ಲ. ನಡುವೆ ನಿಲ್ಲಲು ಬಾರದ ಮಷೀನಿಗೆ ‘ನಿಲ್ಲು’ ಅಂತ ಹೇಳಿದ ಹಾಗೆ. ನಮ್ಮಂಥವರು ಬಂದಾಗ ತೋರಿಸೋಕೆ ಮಾತ್ರ ಆಗುತ್ತದೆ.

ಗಾರ್ಡ್ ಇದ್ದ ಕಡೆಯೂ ಅದು ಮೂಲೆಯಲ್ಲಿ ಬಿದ್ದಿರುತ್ತದೆ. ‘ಕಾರ್ಮಿಕರೇ ತೆಗೀತಾರೆ ಮೇಡಂ, ಎಷ್ಟು ಹೇಳಿದರೂ ಕೇಳಲ್ಲ’ ಅನ್ನುತ್ತಾರೆ ಸೂಪರ್‌ವೈಸರ್. ಈ ಮಾತು ಸುಳ್ಳಲ್ಲ, ತೆಗೆಯುವುದನ್ನು ನಾನೇ ನೋಡಿದ್ದೇನೆ. ಯಾಕೆ ತೆಗೀತಾರೆ ಅಂತ ಮುಂದಿನ ಪ್ರಶ್ನೆ ಕೇಳಬೇಕು. ಒಂದು ಪೀಸಿಗೆ 3 ಸೆಕೆಂಡ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 1200 ಪೀಸ್. ಗಾರ್ಡ್ ಹಾಕಿ, ಇಕ್ಕಳ ಹಿಡಿದರೆ ಅದೇ ಪೀಸಿಗೆ 4 ಸೆಕೆಂಡ್. ಗಂಟೆಗೆ 900. ಎಂಟು ಗಂಟೆಗೆ 2400 ಪೀಸ್ ಖೋತಾ. ದಿನದ ಟಾರ್ಗೆಟ್ ನಿಗದಿ ಮಾಡುವಾಗ ಯಾವ ಲೆಕ್ಕ ಹಿಡಿದಿದ್ದರು, 3 ಸೆಕೆಂಡಿನದೋ 4 ಸೆಕೆಂಡಿನದೋ? ಮೂರರದ್ದು ಅಂತಾದರೆ ಗಾರ್ಡ್ ತೆಗೆಯುವ ತೀರ್ಮಾನ ಟಾರ್ಗೆಟ್ ಬರೆದ ದಿನವೇ ಆಗಿಹೋಗಿದೆ. ಆಪರೇಟರ್ ಮಾಡಿದ್ದು ಸ್ಪ್ಯಾನರ್ ಹಿಡಿದು ಅದನ್ನು ಜಾರಿಗೆ ತಂದದ್ದು ಮಾತ್ರ.

ಇಂಥ ಶೆಡ್ಡಿಗೆ ಸೇಫ್ಟಿ ಟ್ರೇನಿಂಗ್ ಅಂತ ಬರುವ ಪಿಪಿಟಿಯಲ್ಲಿ ಒಂದು ಸ್ಲೈಡ್ ತಪ್ಪದೇ ಇರುತ್ತದೆ: ನೂರಕ್ಕೆ 88 ಅಪಘಾತಗಳಿಗೆ ಕಾರಣ ಕಾರ್ಮಿಕರ ಅಸುರಕ್ಷಿತ ವರ್ತನೆ, 10ಕ್ಕೆ ಯಂತ್ರ ಮತ್ತು ಪರಿಸರ, ಉಳಿದ 2 ದೈವೇಚ್ಛೆ. ಈ ಅಂಕಿ ಎಲ್ಲಿಂದ ಬಂತು ಅಂತ ಸ್ಲೈಡಿನಲ್ಲಿ ಇರೋದಿಲ್ಲ. ಇದರ ಮೂಲಪುರುಷ ಹರ್ಬರ್ಟ್ ವಿಲಿಯಂ ಹೈನ್‌ರಿಕ್. ಅಮೆರಿಕದ ಟ್ರಾವೆಲರ್ಸ್ ಎಂಬ ವಿಮಾ ಕಂಪನಿಯಲ್ಲಿದ್ದವರು. 1931ರಲ್ಲಿ ಬಂದ ಅವರ ಪುಸ್ತಕ ಕೈಗಾರಿಕಾ ಸುರಕ್ಷತೆಯ ಪಠ್ಯವೇ ಆಗಿಹೋಯಿತು. ಅವರು ಲೆಕ್ಕ ಹಾಕಿದ್ದು ವಿಮಾ ಕಡತಗಳನ್ನೂ ಕಾರ್ಖಾನೆಯವರ ದಾಖಲೆಗಳನ್ನೂ ಇಟ್ಟುಕೊಂಡು. ಅಂಥ ವರದಿ ಬರೆಯುವವರು ಯಾರು? ಮಾಲೀಕರು, ಸೂಪರ್‌ವೈಸರುಗಳು. ಬೆರಳು ಹೋದವನು ಆಸ್ಪತ್ರೆಯಲ್ಲಿದ್ದಾಗ ಸೂಪರ್‌ವೈಸರ್ ಬರೆದ ‘ಅಜಾಗರೂಕತೆ’ಗಳನ್ನು ಕೂಡಿಸಿದರೆ 88 ಬಂದದ್ದರಲ್ಲಿ ಆಶ್ಚರ್ಯವೇನಿದೆ? ಆ ಮೂಲ ಕಡತಗಳನ್ನು ಮತ್ತೆ ಯಾರೂ ತೆಗೆದು ಪರೀಕ್ಷಿಸಲು ಆಗಿಲ್ಲ ಅನ್ನೋದು ಅವರ ಟೀಕಾಕಾರರು ಎತ್ತಿರುವ ಇನ್ನೊಂದು ಆಕ್ಷೇಪ. ಹೈನ್‌ರಿಕ್ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಯಂತ್ರಗಳಿಗೆ ಗಾರ್ಡ್ ಹಾಕಿ ಅಂತ ಅವರೂ ಒತ್ತಿ ಹೇಳಿದವರೇ. ನಮ್ಮ ಪಿಪಿಟಿಗಳಿಗೆ ಆ ಪುಟ ಬೇಡವಾಯಿತು, 88 ಮಾತ್ರ ಬೇಕಾಯಿತು. ಮಷೀನಿನ ಪಿನ್ ಸವೆದರೆ ಮನುಷ್ಯನಿಗೆ ಟ್ರೇನಿಂಗ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಮ್ಮ ಹಿರಿಯರು ಹೇಳಿದ್ದು ಇದನ್ನೇ ಇರಬೇಕು.

ಅದೇ ಪಿಪಿಟಿಯಲ್ಲಿ ಮುಂದೆ ಇನ್ನೊಂದು ಸ್ಲೈಡ್ ಬರುತ್ತದೆ, ಅದು ಒಳ್ಳೆಯದು. ಅಪಾಯವನ್ನು ಮೊದಲು ಬುಡದಿಂದಲೇ ತೆಗೆಯಿರಿ, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ, ಅದೂ ಆಗದಿದ್ದರೆ ಯಂತ್ರಕ್ಕೆ ತಡೆ ಕಟ್ಟಿ, ಆಮೇಲೆ ನಿಯಮ ಮತ್ತು ತರಬೇತಿ, ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್ಟು ಗ್ಲೌಸು. ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಕ್ರಮ ಇದು. ಸಣ್ಣ ಶೆಡ್ಡುಗಳಲ್ಲಿ ಈ ಏಣಿಯನ್ನು ಕೆಳಗಿನ ಮೆಟ್ಟಿಲಿಂದ ಹತ್ತಲು ಶುರು ಮಾಡಿ ಅಲ್ಲೇ ಕೂತುಬಿಡುತ್ತಾರೆ. ಗ್ಲೌಸು ಕೊಟ್ಟೆವು, ಸಹಿ ಹಾಕಿಸಿಕೊಂಡೆವು, ಫೋಟೋ ತೆಗೆದೆವು. ಆ ಸಹಿಯ ಕಾಗದಕ್ಕೆ ಇನ್ನೊಂದು ಉಪಯೋಗವೂ ಇದೆ. ನಾಳೆ ಏನಾದರೂ ಆದರೆ, ‘ನಾವು ಕೊಟ್ಟಿದ್ದೆವು, ಅವನು ಹಾಕಲಿಲ್ಲ’ ಅಂತ ತೋರಿಸಬಹುದು.

ಕೈಗೆ ಸಲಕರಣೆ ಕೊಡದೆ ಬರೀ ಧೈರ್ಯದ ಮೇಲೆ ಕೆಲಸ ಮಾಡಿಸಿದರೆ ಏನಾಗುತ್ತದೆ ಅನ್ನೋದನ್ನು ಪ್ರೆಸ್ ಶಾಪಿನ ಹೊರಗೂ ನೋಡಿದ್ದೇವೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಕಾರ್ಮಿಕ ಬಿದ್ದ. ಅವನನ್ನು ಎತ್ತಲು ಇಳಿದವರೂ ವಿಷಾನಿಲಕ್ಕೆ ಸಿಕ್ಕರು. ಪಶ್ಚಿಮ ಬಂಗಾಳದಿಂದ ಬಂದಿದ್ದ 5 ಜನ ಸತ್ತರು. ಇಂಥ ಟ್ಯಾಂಕುಗಳ ಸಾವಿನಲ್ಲಿ ಇದೊಂದು ಹಳೇ ಮಾದರಿ: ಮೊದಲನೆಯವನಿಗಿಂತ ರಕ್ಷಿಸಲು ಹೋದವರೇ ಹೆಚ್ಚು ಸಾಯುತ್ತಾರೆ. ಆ ಹೊತ್ತಲ್ಲಿ ಕೆಲಸಕ್ಕೆ ಬರುವುದು ಗಾಳಿ ಹಾಕುವ ಬ್ಲೋಯರ್, ಗ್ಯಾಸ್ ಅಳೆಯುವ ಮೀಟರ್, ಸೊಂಟಕ್ಕೆ ಕಟ್ಟಿ ಮೇಲಿಂದಲೇ ಎಳೆಯುವ ಹಗ್ಗ. ಮೂರನ್ನೂ ಮೊದಲೇ ಕೊಂಡಿಟ್ಟಿರಬೇಕು. ಗೆಳೆಯ ಒಳಗೆ ಒದ್ದಾಡುತ್ತಿರುವಾಗ ‘ಇಳಿಯಬೇಡಿ’ ಅನ್ನುವ ಬೋರ್ಡನ್ನು ಯಾರು ಓದುತ್ತಾರೆ?

ಈಗ ಕಾಯ್ದೆಗೆ ಬರೋಣ. ಈ ಇಡೀ ಸಾಹಿತ್ಯದಲ್ಲಿ ವ್ಯಾಕರಣ ಸರಿಯಾಗಿರುವುದು ಅಲ್ಲಿ ಮಾತ್ರ. 1948ರ ಫ್ಯಾಕ್ಟರಿ ಕಾಯ್ದೆಯ 21ನೇ ಸೆಕ್ಷನ್ ಅಪಾಯಕಾರಿ ಯಂತ್ರಭಾಗಗಳಿಗೆ ಭದ್ರವಾಗಿ ತಡೆ ಕಟ್ಟಿರಲೇಬೇಕು, ಯಂತ್ರ ಓಡುವಾಗ ಆ ತಡೆ ಅಲ್ಲೇ ಇರಬೇಕು ಅನ್ನುತ್ತದೆ. ಕಾರ್ಮಿಕ ಎಚ್ಚರವಾಗಿದ್ದನೋ ಇಲ್ಲವೋ ಅನ್ನುವ ಪ್ರಶ್ನೆಯನ್ನೇ ಅದು ಎತ್ತುವುದಿಲ್ಲ. ಭೋಪಾಲ್ ದುರಂತದ ನಂತರ, 1987ರಲ್ಲಿ ಸೇರಿಸಿದ 7ಎ ಸೆಕ್ಷನ್ ಕಾರ್ಮಿಕರ ಸುರಕ್ಷತೆಯ ಸಾಮಾನ್ಯ ಹೊಣೆಯನ್ನು ನೇರವಾಗಿ ಕಾರ್ಖಾನೆಯ ಹಿಡಿತ ಯಾರ ಕೈಲಿದೆಯೋ ಅವರ ಹೆಗಲಿಗೇ ಹಾಕಿತು. ಒಳ್ಳೆಯ ಗದ್ಯ. ಕರ್ತೃ ಯಾರು, ಕೆಲಸ ಏನು, ಎರಡೂ ಸ್ಪಷ್ಟ.

ತೊಂದರೆ ಇರುವುದು ಕಾಯ್ದೆಯ ಬಾಗಿಲಲ್ಲಿ. ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಕಾರ್ಮಿಕರಿದ್ದರೆ ಮಾತ್ರ ಅದು ಫ್ಯಾಕ್ಟರಿ. ಹೀಗಾಗಿ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರಿರುವ ಶೆಡ್ಡುಗಳು ಹುಟ್ಟಿಕೊಂಡವು. ಮಧ್ಯಾಹ್ನ ಊಟಕ್ಕೆ ಕೂತಾಗ ಹದಿನಾಲ್ಕು ತಟ್ಟೆ ಇರುತ್ತದೆ, ಅದು ಬೇರೆ ಮಾತು. ಈಗ ಆ ಬಾಗಿಲನ್ನೇ ಹಿಂದಕ್ಕೆ ಸರಿಸಲಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಫ್ಯಾಕ್ಟರಿ ಎನಿಸಿಕೊಳ್ಳಲು ವಿದ್ಯುತ್ ಇದ್ದರೆ 20, ಇಲ್ಲದಿದ್ದರೆ 40 ಜನ ಬೇಕು. 10 ಜನರಿರುವ ಸಂಸ್ಥೆಗಳಿಗೂ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ, ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು ಅಂತಲೂ ಇದೆ. ಇದು ನಿಜವಾಗಿ ಒಳ್ಳೆಯದು. ಆದರೆ ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವುದು ಸಾಮಾನ್ಯ ಕಾರ್ಖಾನೆಯಲ್ಲಿ 500 ಜನರಿಗೆ. ಹಳೇ ಕಾಯ್ದೆಯಲ್ಲಿ 1000 ಇತ್ತು. ಇಳಿಸಿದ್ದು ಸರಿ, ಆದರೆ ನಾನು ಓಡಾಡುವ ಬೀದಿಗಳಲ್ಲಿ ಹನ್ನೆರಡು ಶೆಡ್ಡು ಸೇರಿಸಿದರೂ 500 ಆಗೋದಿಲ್ಲ. ಬಾವಿ ಹತ್ತಿರ ಹೋದಷ್ಟೂ ಹಗ್ಗ ಗಿಡ್ಡವಾಗುತ್ತಾ ಹೋಗುವ ಹಾಗಿದೆ ಇದು.

ಇದೇ ಕಾನೂನು ಸಾಹಿತ್ಯದಲ್ಲಿ ಒಂದು ಪಟ್ಟಿ ಇದೆ, ಓದಿದವರು ಮರೆಯಲಾರರು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೊದಲ ಅನುಸೂಚಿ. ಯಾವ ಅಂಗ ಹೋದರೆ ದುಡಿಮೆಯ ಶಕ್ತಿ ನೂರಕ್ಕೆ ಎಷ್ಟು ಕುಂದಿತು ಅನ್ನುವ ಲೆಕ್ಕ. ಹೆಬ್ಬೆರಳು ಪೂರ್ತಿ ಹೋದರೆ 30. ತೋರುಬೆರಳು 14, ಒಂದೇ ಗೆಣ್ಣು ಹೋದರೆ 9. ನಡುಬೆರಳು 12. ಉಂಗುರ ಬೆರಳಾಗಲಿ ಕಿರುಬೆರಳಾಗಲಿ 7. ಒಂದು ಕೈಯ ನಾಲ್ಕು ಬೆರಳೂ ಹೋದರೆ 50. ಹೊಸ ಸಂಹಿತೆಯಲ್ಲೂ ಇಂಥ ಪಟ್ಟಿ ಮುಂದುವರಿದಿದೆ. ಇದನ್ನು ಕ್ರೂರ ಅಂತ ಬೈಯುವುದು ಸುಲಭ, ನಾನು ಬೈಯೋದಿಲ್ಲ. ಪಟ್ಟಿ ಇಲ್ಲದಿದ್ದರೆ ಪ್ರತಿಯೊಂದು ಬೆರಳಿಗೂ ಚೌಕಾಸಿ ನಡೆಯುತ್ತಿತ್ತು. ಆದರೆ ಈ ಪಟ್ಟಿ ಕೆಲಸ ಮಾಡಬೇಕೆಂದರೆ ಬೆರಳು ಇದ್ದವನು ಮೊದಲು ಪುಸ್ತಕದಲ್ಲಿ ಇರಬೇಕು. ವಾಹನ ಉದ್ಯಮದ ಗಾಯಾಳುಗಳ ಬಗ್ಗೆ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ‘ಕ್ರಶ್ಡ್’ ಎನ್ನುವ ಹೆಸರಲ್ಲಿ ವರ್ಷವರ್ಷವೂ ವರದಿ ತರುತ್ತಿದೆ. ಗುರುಗ್ರಾಮ, ಮಾನೇಸರ್ ಕಡೆಯಿಂದ ಶುರುವಾದ ಕೆಲಸ ಅದು. ಪವರ್ ಪ್ರೆಸ್ ಬೆರಳು ತೆಗೆಯುವುದರಲ್ಲಿ ಮುಂದಿದೆ ಅನ್ನುವುದರ ಜತೆಗೆ ಆ ವರದಿಗಳು ಮತ್ತೆ ಮತ್ತೆ ಹೇಳುವ ಇನ್ನೊಂದು ಮಾತೆಂದರೆ, ಎಷ್ಟೋ ಜನರ ಕೈಗೆ ಇಎಸ್‌ಐ ಕಾರ್ಡ್ ಬರುವುದೇ ಅಪಘಾತವಾದ ಮೇಲೆ. ಅಂದರೆ ಅವನು ಅಲ್ಲಿ ಕೆಲಸಕ್ಕಿದ್ದ ಅನ್ನುವುದಕ್ಕೆ ಮೊದಲ ಲಿಖಿತ ದಾಖಲೆ ಅವನ ಗಾಯವೇ.

ಇಲ್ಲಿಯವರೆಗೆ ಓದಿದ ನಿಮಗೆ ಶೆಡ್ಡಿನ ಮಾಲೀಕನ ಮೇಲೆ ಸಿಟ್ಟು ಬಂದಿರಬಹುದು. ಸ್ವಲ್ಪ ತಡೆಯಿರಿ. ನಾನು ಕಂಡ ಮಾಲೀಕರಲ್ಲಿ ಎಷ್ಟೋ ಜನ ಐಟಿಐ ಓದಿ, ಬೇರೆಯವರ ಶೆಡ್ಡಲ್ಲಿ ಹತ್ತು ಹದಿನೈದು ವರ್ಷ ದುಡಿದು, ಸಾಲ ಮಾಡಿ ಎರಡು ಸೆಕೆಂಡ್ ಹ್ಯಾಂಡ್ ಪ್ರೆಸ್ ಹಾಕಿಕೊಂಡವರು. ಟೀ ಲೋಟ ಹಿಡಿದಾಗ ಅವರ ಕೈಯಲ್ಲೂ ಒಂದು ಬೆರಳು ಗಿಡ್ಡ ಕಾಣಿಸುತ್ತದೆ. ಅಂಥವರೊಬ್ಬರಿಗೆ ಗಾರ್ಡ್ ಹಾಕಿ ಅಂತ ನಾನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ಹಾಕ್ತೀನಿ ಮೇಡಂ. ಪೀಸಿಗೆ ಹತ್ತು ಪೈಸೆ ಜಾಸ್ತಿ ಕೊಡಿಸ್ತೀರಾ?’ ನಾನು ಆ ಪ್ರಶ್ನೆಯನ್ನು ನಮ್ಮ ಪರ್ಚೇಸ್ ವಿಭಾಗಕ್ಕೆ ಬರೆದು ಕಳಿಸಿದೆ. ಬಂದ ಉತ್ತರವನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ: ಸುರಕ್ಷತೆ ವೆಂಡರ್ ಜವಾಬ್ದಾರಿ, ಮತ್ತು ಈ ವರ್ಷದ ಶೇ 3ರ ಬೆಲೆ ಇಳಿಕೆ ಇನ್ನೂ ಬಂದಿಲ್ಲ, ದಯವಿಟ್ಟು ಜ್ಞಾಪಿಸಿ.

ಈ ಉತ್ತರ ಬರೆದವರೂ ಕೆಟ್ಟವರಲ್ಲ. ನಿಮ್ಮ ನನ್ನ ಹಾಗೆ ಕೆಪಿಐ ಇರುವ, ಇಎಂಐ ಇರುವ, ಅಪ್ರೈಸಲ್‌ಗೆ ಹೆದರುವ ಜನ. ಆದರೆ ವ್ಯಾಕರಣ ಇಲ್ಲೂ ಅದೇ. ಬೆಲೆ ಇಳಿಸುವಾಗ ಕರ್ತೃ ನಾವು. ಬೆರಳು ಹೋಗುವಾಗ ಕರ್ತೃ ಅವರು.

ನಮ್ಮ ಕಡೆಯ ಪಠ್ಯಗಳನ್ನೂ ಬಿಡದೆ ಓದೋಣ. ಷೇರುಪೇಟೆಯ ದೊಡ್ಡ 1000 ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ ಜವಾಬ್ದಾರಿ ವರದಿ ಕೊಡಬೇಕು. ನಿಮಗೆ ಸರಕು ಕೊಡುವವರಲ್ಲಿ ಎಷ್ಟು ಪಾಲು ಜನರ ಆರೋಗ್ಯ, ಸುರಕ್ಷತೆಯ ಪದ್ಧತಿ ಪರಿಶೀಲಿಸಿದ್ದೀರಿ ಅನ್ನುವ ಪ್ರಶ್ನೆ ಅದರಲ್ಲಿದೆ. ಕಡ್ಡಾಯದ ಪಟ್ಟಿಯಲ್ಲಿಲ್ಲ, ಇಷ್ಟವಿದ್ದವರು ಉತ್ತರಿಸುವ ಪಟ್ಟಿಯಲ್ಲಿದೆ. ಉತ್ತರಿಸಿದರೂ ಪಾಲನ್ನು ಅಳೆಯುವುದು ವ್ಯವಹಾರದ ಮೌಲ್ಯದಿಂದ. ಎಂಜಿನ್ ಬ್ಲಾಕ್ ಕೊಡುವ ನಾಲ್ಕು ದೊಡ್ಡ ಸರಬರಾಜುದಾರರನ್ನು ನೋಡಿ ಬಂದರೆ ಶೇಕಡಾವಾರು ಚೆನ್ನಾಗಿ ಕಾಣುತ್ತದೆ. ಕ್ಲಾಂಪ್ ಮಾಡುವ ಶೆಡ್ಡು ಮೌಲ್ಯದಲ್ಲಿ ಎಷ್ಟು ಸಣ್ಣದೆಂದರೆ ಸೊನ್ನೆಯ ಮುಂದಿನ ಚುಕ್ಕಿಯ ಆಚೆ ಎಲ್ಲೋ ಇರುತ್ತದೆ. ಬೆರಳುಗಳ ಲೆಕ್ಕದಲ್ಲಿ ಅಳೆದರೆ ಪಟ್ಟಿ ತಲೆಕೆಳಗಾಗುತ್ತಿತ್ತೇನೋ.

ಇದೆಲ್ಲ ಪ್ರೆಸ್ ಶಾಪಿನ ಮಾತು, ನಾನು ಕೂರೋದು ಹನ್ನೊಂದನೇ ಮಹಡಿಯ ಎಸಿಯಲ್ಲಿ ಅನ್ನುವವರು ಇರಬಹುದು. ನಿಮ್ಮ ಫೈರ್ ಡ್ರಿಲ್ಲಿನ ಮೇಲ್ ಒಮ್ಮೆ ಓದಿ ನೋಡಿ. ಲಿಫ್ಟ್ ಬಳಸಬೇಡಿ, ಗಾಬರಿಯಾಗಬೇಡಿ, ಸಾಲಾಗಿ ಇಳಿಯಿರಿ. ಎಲ್ಲ ಆಜ್ಞೆಯೂ ನಿಮಗೆ. ತುರ್ತು ಮೆಟ್ಟಿಲಲ್ಲಿ ಪೇರಿಸಿಟ್ಟ ಹಳೇ ಕುರ್ಚಿ, ಮಾನಿಟರ್ ಡಬ್ಬಗಳನ್ನು ಯಾರು ಯಾವ ದಿನ ತೆಗೆಯುತ್ತಾರೆ ಅಂತ ಅದರಲ್ಲಿರೋದಿಲ್ಲ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಡೆಯಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಅವರೆಲ್ಲ ನಮ್ಮ ಹಾಗೆ ಬೆಳಿಗ್ಗೆ ಟಿಫಿನ್ ಬಾಕ್ಸ್ ಹಿಡಿದು ಆಫೀಸಿಗೆ ಹೋದವರು.

ಬರೀ ಬೈದು ಮುಗಿಸಿದರೆ ವಿಮರ್ಶೆ ಅನ್ನಿಸಿಕೊಳ್ಳೋದಿಲ್ಲ. ಹಾಗಾಗಿ ನಾನು ಈವರೆಗೆ ಓದಿದ ಅತ್ಯುತ್ತಮ ಸುರಕ್ಷತಾ ಬರಹ ಯಾವುದು ಅಂತ ಹೇಳಿಬಿಡ್ತೀನಿ. ಪೀಣ್ಯದ ಒಂದು ಶೆಡ್ಡಲ್ಲಿ ಪ್ರೆಸ್ಸಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದು: ‘ಡಬಲ್ ಹೊಡೀತಾ ಇದೆ. ಫ್ಯೂಸ್ ತೆಗೆದಿದೀನಿ, ನನ್ ಹತ್ರ ಇದೆ. ಪಿನ್ ಬರೋವರೆಗೂ ಓಡಿಸ್ಬೇಡಿ.’ ಕೆಳಗೆ ಫಿಟ್ಟರ್ ಹೆಸರು, ತಾರೀಖು. ಏನು ಕೆಟ್ಟಿದೆ ಅಂತ ಹೇಳಿದ. ತಾನೇನು ಮಾಡಿದೆ ಅಂತ ಹೇಳಿದ. ಯಾವಾಗ ಸರಿಹೋಗುತ್ತೆ ಅಂತ ಹೇಳಿದ. ಬೇರೆಯವರಿಗೆ ಆಜ್ಞೆ ಕೊಟ್ಟದ್ದು ಕೊನೆಗೆ, ಅದೂ ಫ್ಯೂಸನ್ನು ತನ್ನ ಜೇಬಿಗೆ ಹಾಕಿಕೊಂಡ ಮೇಲೆ. ಅವತ್ತು ಆ ಶೆಡ್ಡಿಂದ ನಮಗೆ ಬರಬೇಕಿದ್ದ ಲಾಟ್ ಎರಡು ದಿನ ತಡವಾಯಿತು. ಆ ತಡವನ್ನು ಮಾಲೀಕರು ಒಪ್ಪಿಕೊಂಡಿದ್ದರು ಅನ್ನೋದೂ ಆ ಬರಹದ ಭಾಗವೇ. ಇಲ್ಲದಿದ್ದರೆ ಆ ಸೀಮೆಸುಣ್ಣದ ಸಾಲು ಮಧ್ಯಾಹ್ನದೊಳಗೆ ಅಳಿಸಿಹೋಗುತ್ತಿತ್ತು.

ಆಯುಧಪೂಜೆಯ ದಿನ ಈ ಶೆಡ್ಡುಗಳನ್ನು ನೀವೊಮ್ಮೆ ನೋಡಬೇಕು. ಒಂದೊಂದು ಮಷೀನನ್ನೂ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಒರೆಸಿ, ಗ್ರೀಸ್ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆಯುತ್ತಾರೆ. ವರ್ಷಕ್ಕೊಂದು ದಿನ ಡೆಲಿವರಿಯ ಒತ್ತಡವಿಲ್ಲದೆ ಮಷೀನಿನ ಮೈ ಮುಟ್ಟಿ ನೋಡುತ್ತಾರೆ. ಸವೆದ ಪಿನ್ನು ಕಣ್ಣಿಗೆ ಬೀಳುವುದೂ ಅವತ್ತೇ. ಅವತ್ತು ಯಾರೂ ಪೀಸ್ ಲೆಕ್ಕ ಕೇಳೋದಿಲ್ಲ, ನಮ್ಮ ಕಂಪನಿಯೂ ಕೇಳೋದಿಲ್ಲ, ಯಾಕೆಂದರೆ ನಮಗೂ ರಜೆ. ತಿಂಗಳಿಗೆ ಅರ್ಧ ದಿನ ಹೀಗೆ ನಿಲ್ಲಿಸಿ ನೋಡಲು ಶೆಡ್ಡಿನವರಿಗೆ ಭಕ್ತಿಯ ಕೊರತೆ ಇಲ್ಲ. ಆ ಅರ್ಧ ದಿನವನ್ನು ಶೆಡ್ಯೂಲಿನಲ್ಲಿ ಬಿಟ್ಟುಕೊಡುವವರು ಬೇಕು.

ಶೆಡ್ಯೂಲ್ ಮಾಡುವವರು ನಿಮ್ಮಲ್ಲೇ ಇದ್ದೀರಿ. ಪರ್ಚೇಸ್‌ನಲ್ಲಿ, ಪ್ಲಾನಿಂಗ್‌ನಲ್ಲಿ, ವೆಂಡರ್ ಪೋರ್ಟಲ್ಲಿಗೆ ಕೋಡ್ ಬರೆಯುವ ಟೀಮಿನಲ್ಲಿ. ನಮ್ಮ ಕೊಟೇಷನ್ ಫಾರಂನಲ್ಲಿ ಕಚ್ಚಾ ಮಾಲಿಗೆ ಒಂದು ಸಾಲಿದೆ, ಪ್ಲೇಟಿಂಗಿಗೆ, ಪ್ಯಾಕಿಂಗಿಗೆ, ಸಾಗಣೆಗೆ, ಸ್ಕ್ರ್ಯಾಪಿಗೂ ಒಂದೊಂದು ಸಾಲಿದೆ. ಗಾರ್ಡ್ ಮತ್ತು ಮೆಂಟೆನೆನ್ಸಿಗೆ ಇಲ್ಲ. ಆ ಸಾಲು ಸೇರಿಸಿ, ಅದರ ಮೇಲೆ ಚೌಕಾಸಿ ಇಲ್ಲ ಅಂತ ಬರೆಯಿರಿ ಎಂದು ನಾನು ಕಳೆದ ತಿಂಗಳು ಲಿಖಿತವಾಗಿ ಕೇಳಿದ್ದೇನೆ. ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂದಿದೆ. ಅದಕ್ಕೂ ಕರ್ತೃ ಇಲ್ಲ. ಯಾರು ಪರಿಶೀಲಿಸುತ್ತಾರೆ, ಯಾವ ತಾರೀಖಿನೊಳಗೆ ಅಂತ ಕೇಳಿ ಸೋಮವಾರ ಇನ್ನೊಂದು ಮೇಲ್ ಹಾಕುತ್ತೇನೆ. ನೀವು ಕೆಲಸ ಮಾಡುವ ಕಡೆಯಿಂದಲೂ ಒಂದು ಹೋಗಲಿ.